ಗೋಕಾಕದ ಖಡ್ಗಮೃಗವೂ ಸೃಷ್ಟಿಯ ಆರು ದಿನಗಳೂ

ಐನಾಪುರದ ಕಡೆ ಬಾವಿ ತೋಡಿಸಿದವರಿಗೆ ಗೊತ್ತು, ಎರೆಮಣ್ಣು ಮುಗಿದರೆ ಕರಿಕಲ್ಲು ಹತ್ತುತ್ತದೆ. ನೆಲ ಬಿರಿದು ಹರಿದ ಲಾವಾರಸ ಪದರ ಪದರವಾಗಿ ಆರಿ ಆದ ಕಲ್ಲು ಅದು. ವಯಸ್ಸು ಸುಮಾರು 6.6 ಕೋಟಿ ವರ್ಷ. ಈ ಸೀಮೆಯ ಕಲ್ಲುಮಣ್ಣುಗಳನ್ನು ಊರೂರು ತಿರುಗಿ ಅಭ್ಯಾಸ ಮಾಡಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟ್ 1858ರಲ್ಲಿ ಭಾರತದ ಭೂವಿಜ್ಞಾನ ಇಲಾಖೆಗೆ ಸೇರಿದರು. ಮಿಷನರಿ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಅವರ ಕೈಗೆ ಸಿಕ್ಕಿತು. ಮುಂದೆ ನಮ್ಮ ಸೀಮೆಗೆ ಬಂದಾಗ ಗೋಕಾಕದ ಹತ್ತಿರ ಖಡ್ಗಮೃಗದ ಎಲುಬುಗಳು ಸಿಕ್ಕವು. ಖಡ್ಗಮೃಗ, ಅದೂ ಗೋಕಾಕದಲ್ಲಿ! ಆ ಜಾತಿ ಈಗ ಲೋಕದಲ್ಲೇ ಇಲ್ಲ. 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ಅವರ ದೊಡ್ಡ ವರದಿ ಅಚ್ಚಾಯಿತು.

ಆಗಿನ ಅನೇಕ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಸೃಷ್ಟಿಯ ಕಾಲ ಕ್ರಿ.ಪೂ. 4004 ಎಂದು ಅಚ್ಚಾಗಿರುತ್ತಿತ್ತು. ಅದು ಅಶರ್ ಎಂಬ ಬಿಷಪರ ಲೆಕ್ಕ, ದೇವರ ವಾಕ್ಯವಲ್ಲ. ಅಂಚಿನ ಅಂಕಿಯನ್ನೇ ಶ್ರೀಗ್ರಂಥವೆಂದು ನಂಬಿದವರಿಗೆ ಕಲ್ಲುಗಳು ವೈರಿಗಳಾದವು. ಧರ್ಮೋಪದೇಶದ ತರಗತಿಯ ಮಕ್ಕಳು ಇಂದಿಗೂ ಕೇಳುತ್ತಾರೆ, ಶಾಲೆಯ ಪುಸ್ತಕ ಸುಳ್ಳೋ, ಆದಿಕಾಂಡ ಸುಳ್ಳೋ ಎಂದು. ಸುಮ್ಮನೆ ಕೂಡು ಎಂದು ಗದರಿಸಿದರೆ ಆ ಮಗು ನಾಳೆ ಎರಡರಲ್ಲಿ ಒಂದನ್ನು ಬಿಟ್ಟೀತು. ಬಿಡುವುದು ಯಾವುದನ್ನೆಂದು ತಂದೆತಾಯಿಗಳು ಯೋಚಿಸಬೇಕು.

ಆದಿಕಾಂಡದಲ್ಲಿ ಸೂರ್ಯ ಹುಟ್ಟುವುದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳನ್ನು ಅಳೆದದ್ದು ಯಾವುದರಿಂದ? ಇವು ನಮ್ಮ ದಿನಗಳಂತಲ್ಲ ಎಂದು ಸಂತ ಅಗುಸ್ತೀನರು 1600 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಆಗ ಭೂವಿಜ್ಞಾನ ಎಲ್ಲಿತ್ತು? ಫೂಟ್ ಬದುಕಿದ್ದಾಗಲೇ, 1909ರಲ್ಲಿ, ರೋಮಿನ ಬೈಬಲ್ ಆಯೋಗವು ದಿನವೆಂಬ ಮಾತನ್ನು ಒಂದು ಕಾಲಾವಧಿ ಎಂದು ತಿಳಿಯಲು ಅಡ್ಡಿಯಿಲ್ಲವೆಂದಿತು. ಮಾನವ ದೇಹದ ವಿಕಾಸವನ್ನು ಪಂಡಿತರು ಪರಿಶೀಲಿಸಬಹುದು, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು 1950ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು ಬೋಧಿಸಿದರು. ನಮ್ಮನ್ನು ಪರೀಕ್ಷಿಸಲು ದೇವರೇ ನೆಲದಲ್ಲಿ ಎಲುಬು ಹೂತಿಟ್ಟರು ಎನ್ನುವವರೂ ಇದ್ದಾರೆ. ಅದು ದೇವರನ್ನು ಮೋಸಗಾರನನ್ನಾಗಿ ಮಾಡಿದಂತೆ!

ಫೂಟ್ ನಮ್ಮ ಕಥೋಲಿಕ ಸಭೆಯವರಲ್ಲ. 1891ರಲ್ಲಿ ನಿವೃತ್ತರಾದ ಮೇಲೂ ಬರೋಡಾ, ಮೈಸೂರು ಸಂಸ್ಥಾನಗಳಿಗೆ ದುಡಿದರು. ಕೂಡಿಹಾಕಿದ್ದ ಕಲ್ಲಿನ ಆಯುಧಗಳೆಲ್ಲ 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯಕ್ಕೆ ಸೇರಿದವು. 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ತೀರಿಕೊಂಡರು. ಅವರ ಸ್ಮಾರಕವಿರುವುದು ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ.