ಕೆಮ್ಮಣ್ಣಿನ ಬಯಲಿನಲ್ಲಿ ಗುರುದೇವರ ಹಸಿರು ಪಾಠ

ರವೀಂದ್ರನಾಥ ಠಾಕೂರರೆಂದೊಡನೆ ನೆನಪಾಗುವುದು ‘ಗೀತಾಂಜಲಿ’, 1913ರ ನೊಬೆಲ್ ಪ್ರಶಸ್ತಿ ಮತ್ತು ರಾಷ್ಟ್ರಗೀತೆ. ಮಕ್ಕಳ ಕೈಗೆ ಸಸಿ, ಗುದ್ದಲಿಗಳನ್ನು ಕೊಟ್ಟು ಪರಿಸರದ ಪಾಠ ಕಲಿಸಿದ ಶಿಕ್ಷಕ ರವೀಂದ್ರರ ಪರಿಚಯ ನಮ್ಮಲ್ಲಿ ಅಷ್ಟಾಗಿ ಇಲ್ಲ.

1861ರ ಮೇ 7ರಂದು ಕೋಲ್ಕತ್ತಾದ ಸಿರಿವಂತ ಮನೆತನದಲ್ಲಿ ಜನಿಸಿದ ಅವರಿಗೆ ಶಾಲೆಯ ನಾಲ್ಕು ಗೋಡೆಗಳೆಂದರೆ ಸೆರೆಮನೆಯಾಗಿತ್ತು. ಹಲವು ಶಾಲೆಗಳನ್ನು ಸೇರಿದರೂ ಯಾವುದರಲ್ಲಿಯೂ ನೆಲೆ ನಿಲ್ಲಲಿಲ್ಲ. ಹರೆಯದಲ್ಲಿ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿ ತಂಗಿದ್ದಾಗ ಅಲ್ಲಿನ ಕಡಲತೀರ ಅವರ ಮನಸೂರೆಗೊಂಡಿತು. ನಿಸರ್ಗವೇ ಗುರು ಎಂಬ ನಂಬಿಕೆ ವಯಸ್ಸಿನೊಂದಿಗೆ ಬಲಿಯುತ್ತ ಹೋಯಿತು.

ಆ ನಂಬಿಕೆಯ ಫಲವಾಗಿ 1901ರ ಡಿಸೆಂಬರ್‌ನಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಬಾಲಕರೊಡನೆ ಶಾಲೆ ಆರಂಭವಾಯಿತು. ತಂದೆ ದೇವೇಂದ್ರನಾಥರು 1863ರಲ್ಲಿ ಪಡೆದಿದ್ದ ಆ ಜಾಗದ ಸುತ್ತಮುತ್ತ ಮಳೆನೀರಿಗೆ ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದ ಕೆಮ್ಮಣ್ಣಿನ ಬಯಲು. ಮರದ ನೆರಳೇ ತರಗತಿಯಾಯಿತು. ಶಾಲೆಯನ್ನು ನಡೆಸಲು ಪತ್ನಿ ಮೃಣಾಲಿನಿ ದೇವಿ ತಮ್ಮ ಒಡವೆಗಳನ್ನೇ ಕೊಟ್ಟರು.

ಮಗ ರಥೀಂದ್ರನಾಥರನ್ನು ರವೀಂದ್ರರು 1906ರಲ್ಲಿ ಕೃಷಿ ವಿಜ್ಞಾನ ಕಲಿಯಲು ಅಮೆರಿಕಕ್ಕೆ ಕಳುಹಿಸಿದರು. ಶ್ರೀಮಂತರ ಮಕ್ಕಳು ಬ್ಯಾರಿಸ್ಟರ್ ಪದವಿಗಾಗಿ ಹಡಗು ಹತ್ತುತ್ತಿದ್ದ ಕಾಲವದು. 1922ರಲ್ಲಿ ಇಂಗ್ಲೆಂಡಿನ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅವರ ನೇತೃತ್ವದಲ್ಲಿ ಸಮೀಪದ ಸುರುಲ್ ಗ್ರಾಮದಲ್ಲಿ ಗ್ರಾಮ ಪುನರ್ರಚನೆಯ ಸಂಸ್ಥೆ ತಲೆಯೆತ್ತಿತು. ಅದೇ ಮುಂದೆ ಶ್ರೀನಿಕೇತನವೆಂದು ಹೆಸರಾಯಿತು. ಅಲ್ಲಿ ವಿದ್ಯಾರ್ಥಿಗಳು ತರಕಾರಿ ಬೆಳೆದರು, ಶೌಚದ ಗುಂಡಿಗಳನ್ನು ತಾವೇ ನಿರ್ವಹಿಸಿ ಮಲವನ್ನು ಗೊಬ್ಬರವಾಗಿಸಿದರು, ಮಲೇರಿಯಾದಿಂದ ನಲುಗಿದ್ದ ಹಳ್ಳಿಗಳಲ್ಲಿ ದುಡಿದರು. ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಮರಳಿಸಬೇಕೆಂಬ ತತ್ವವನ್ನು ಅವರು ಕಲಿತದ್ದು ಹೀಗೆ. ಜಾತಿಯ ಮಡಿ ಮೈಲಿಗೆ ಗಟ್ಟಿಯಾಗಿದ್ದ ಸಮಾಜದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಆದರೆ ಕವಿಯ ಕನಸಿಗೆ ಮನೆಯೊಳಗೇ ತೊಡಕಿತ್ತು. ಮಧ್ಯಮ ವರ್ಗದ ಪೋಷಕರಿಗೆ ಬೇಕಾಗಿದ್ದುದು ಪರೀಕ್ಷೆ ಮತ್ತು ಪದವಿ. ಶಾಂತಿನಿಕೇತನದ ಶಾಲೆಯೂ ಮೆಲ್ಲಮೆಲ್ಲನೆ ಆ ದಾರಿಗೆ ವಾಲತೊಡಗಿದ್ದು ಅವರಿಗೆ ನೋವು ತಂದಿತು. 1924ರಲ್ಲಿ ಬಡ ಹಳ್ಳಿಗಾಡಿನ ಮಕ್ಕಳಿಗಾಗಿ ಅವರು ‘ಶಿಕ್ಷಾಸತ್ರ’ ಎಂಬ ಬೇರೆಯೇ ಶಾಲೆಯನ್ನು ತೆರೆದದ್ದು ಇದೇ ಕಾರಣಕ್ಕೆ. ತೋಟದ ಕೆಲಸ, ಕರಕುಶಲ ಕಲೆಗಳೇ ಅಲ್ಲಿ ಓದಿನ ಬುನಾದಿಯಾದವು.

1928ರ ಜುಲೈನಲ್ಲಿ ಶಾಂತಿನಿಕೇತನದಲ್ಲಿ ವೃಕ್ಷಾರೋಪಣ ಉತ್ಸವ ನಡೆಯಿತು. ಅಲಂಕೃತ ಪಲ್ಲಕ್ಕಿಯಲ್ಲಿ ಸಸಿಯ ಮೆರವಣಿಗೆ, ಜೊತೆಗೆ ಹಾಡುವ ಮಕ್ಕಳು. ಸಸಿ ನೆಡುವುದನ್ನು ಅವರು ಮದುವೆ ಮುಂಜಿಯಷ್ಟೇ ಸಂಭ್ರಮದ ಕಾರ್ಯವಾಗಿಸಿದರು. ಸ್ವತಂತ್ರ ಭಾರತದಲ್ಲಿ ವನಮಹೋತ್ಸವ ಆರಂಭವಾದದ್ದು 1950ರಲ್ಲಿ, ಅಂದರೆ ಎರಡು ದಶಕಗಳಿಗೂ ಹೆಚ್ಚು ಕಾಲದ ಅನಂತರ!

1941ರ ಆಗಸ್ಟ್ 7ರಂದು, ಬಂಗಾಳಿ ಪಂಚಾಂಗದ ಶ್ರಾವಣ 22ರಂದು, ರವೀಂದ್ರರು ಕಣ್ಮುಚ್ಚಿದರು. ಅವರ ಪುಣ್ಯತಿಥಿಯ ದಿನವೇ ಶಾಂತಿನಿಕೇತನದಲ್ಲಿ ವೃಕ್ಷಾರೋಪಣ ನಡೆಯುವ ಸಂಪ್ರದಾಯ ಬೆಳೆದುಬಂದಿದೆ. 2023ರಲ್ಲಿ ಯುನೆಸ್ಕೊ ಆ ನೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಶಾಲೆಗಳಲ್ಲಿಯೂ ಜೂನ್ ಬಂತೆಂದರೆ ಸಸಿ ನೆಡುವ ಸಡಗರ. ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರೆರೆಯುವವರು ಯಾರು? ಅಂಕಪಟ್ಟಿಯಲ್ಲಿ ಕಾಣಿಸದ ಆ ಹೊಣೆಯೇ ನಿಜವಾದ ವಿದ್ಯೆ ಎಂದು ನಂಬಿ ಬದುಕಿದವರು ಗುರುದೇವ.