ಬರ್ನ್ಡ್ ಮಥಿಯಾಸ್

ಬರ್ನ್ಡ್ ಥಿಯೋಡರ್ ಮಥಿಯಾಸ್ (ಜೂನ್ ೮, ೧೯೧೮ – ಅಕ್ಟೋಬರ್ ೨೭, ೧೯೮೦) ಜರ್ಮನಿ ಮೂಲದ ಅಮೆರಿಕದ ಭೌತವಿಜ್ಞಾನಿ. ಅತಿಶೀತದಲ್ಲಿ ವಿದ್ಯುತ್ತನ್ನು ರೋಧವಿಲ್ಲದೆ ಹರಿಯಗೊಡುವ ಅತಿವಾಹಕ ವಸ್ತುಗಳನ್ನು ನೂರಾರು ಸಂಖ್ಯೆಯಲ್ಲಿ ಶೋಧಿಸಿದವರೆಂದು ಇವರು ಪ್ರಸಿದ್ಧರು.

ಜೀವನ

ಫ್ರಾಂಕ್‌ಫರ್ಟ್‌ನಲ್ಲಿ ಜನಿಸಿದ ಮಥಿಯಾಸ್, ೧೯೪೩ರಲ್ಲಿ ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ೧೯೪೮ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದರು. ೧೯೬೧ರಿಂದ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ನಯೋಬಿಯಮ್-ತವರ ತಂತಿ

ಮೂರು ನಯೋಬಿಯಮ್ ಪರಮಾಣುಗಳಿಗೆ ಒಂದು ತವರದ ಪರಮಾಣುವಿರುವ ಸಂಯುಕ್ತವು ಸುಮಾರು ೧೮ ಕೆಲ್ವಿನ್ ತಾಪಮಾನದಲ್ಲಿಯೇ ಅತಿವಾಹಕವಾಗುವುದನ್ನು ಮಥಿಯಾಸ್ ಮತ್ತು ಸಂಗಡಿಗರು ೧೯೫೪ರಲ್ಲಿ ಕಂಡುಹಿಡಿದರು. ಅದುವರೆಗೆ ತಿಳಿದಿದ್ದ ಅತಿವಾಹಕಗಳಲ್ಲಿ ಇದೇ ಅತ್ಯಧಿಕ ತಾಪಮಾನ. ಆದರೆ ಈ ಸಂಯುಕ್ತ ಸುಲಭವಾಗಿ ಒಡೆಯುವುದರಿಂದ ಅದನ್ನು ತಂತಿಯಾಗಿ ಎಳೆಯಲು ಸಾಧ್ಯವಿರಲಿಲ್ಲ.

ಇದಕ್ಕೆ ಪುಡಿ ಲೋಹವಿಜ್ಞಾನದಿಂದ ಪರಿಹಾರ ದೊರೆಯಿತು. ಬೆಲ್ ಪ್ರಯೋಗಾಲಯದ ಜೀನ್ ಕುಂಜ್ಲರ್ ಮತ್ತು ಸಹೋದ್ಯೋಗಿಗಳು ನಯೋಬಿಯಮ್ ಹಾಗೂ ತವರದ ಪುಡಿಗಳನ್ನು ನಯೋಬಿಯಮ್ ಕೊಳವೆಯಲ್ಲಿ ತುಂಬಿ, ತೆಳುವಾದ ತಂತಿಯಾಗಿ ಎಳೆದು, ಅನಂತರ ಸುಮಾರು ೧೦೦೦ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಎಳೆಯುವಾಗ ಕೇವಲ ಪುಡಿಯಾಗಿದ್ದ ತಿರುಳು ಶಾಖದಲ್ಲಿ ಸಂಯುಕ್ತವಾಯಿತು. ೧೯೬೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ತಂತಿ ೮.೮ ಟೆಸ್ಲಾ ಕಾಂತಕ್ಷೇತ್ರದಲ್ಲಿಯೂ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಲಕ್ಷ ಆಂಪಿಯರ್‌ಗೂ ಹೆಚ್ಚು ವಿದ್ಯುತ್ತನ್ನು ಅತಿವಾಹಕವಾಗಿಯೇ ಸಾಗಿಸಿತು. ಪ್ರಬಲ ಅತಿವಾಹಕ ವಿದ್ಯುತ್ಕಾಂತಗಳ ನಿರ್ಮಾಣಕ್ಕೆ ಇದು ದಾರಿ ತೆರೆಯಿತು. ಫ್ರಾನ್ಸ್‌ನಲ್ಲಿರುವ ಐಟಿಇಆರ್ ಸಮ್ಮಿಲನ ಯೋಜನೆಯ ಸುರುಳಿಗಳಲ್ಲಿಯೂ ಇದೇ ಸಂಯುಕ್ತದ ತಂತಿಗಳಿವೆ. ಅವನ್ನು ಬೇರೆ ವಿಧಾನಗಳಿಂದ ತಯಾರಿಸಲಾಗಿದ್ದರೂ, ಮೊದಲು ಎಳೆದು ಬಳಿಕ ಕಾಯಿಸುವ ಕ್ರಮ ಹಾಗೆಯೇ ಉಳಿದಿದೆ.

ಮಥಿಯಾಸ್ ನಿಯಮಗಳು

ಮಥಿಯಾಸ್ ಸಿದ್ಧಾಂತಕ್ಕಿಂತ ಪ್ರಯೋಗವನ್ನೇ ನೆಚ್ಚಿದ್ದರು. ಹೊಸ ಅತಿವಾಹಕಗಳ ಹುಡುಕಾಟಕ್ಕೆಂದು ಅವರು ನೀಡಿದ ಅನುಭವಜನ್ಯ ಸೂತ್ರಗಳಲ್ಲಿ ಆಮ್ಲಜನಕವನ್ನು ದೂರವಿಡಬೇಕೆಂಬುದೂ ಒಂದು. ಅವರು ತೀರಿಕೊಂಡ ಆರು ವರ್ಷಗಳ ನಂತರ, ೧೯೮೬ರಲ್ಲಿ, ತಾಮ್ರದ ಆಕ್ಸೈಡುಗಳಲ್ಲಿ ಇನ್ನೂ ಹೆಚ್ಚಿನ ತಾಪಮಾನದ ಅತಿವಾಹಕತೆ ಕಂಡುಬಂದು ಈ ಸೂತ್ರ ಸುಳ್ಳಾಯಿತು.