ಬೆಂಜಮಿನ್ ಫ್ರಾಂಕ್ಲಿನ್ನನ ಗುಣಪಟ್ಟಿಕೆ

ಮಳೆಗಾಲ ಬಂದಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ: ಕನ್ನಂಬಾಡಿ ಕಟ್ಟೆಯ ನೀರು ಎಷ್ಟು ಅಡಿಗೆ ಏರಿತು? 124.80 ಅಡಿಯೆಂಬ ಪೂರ್ಣಮಟ್ಟದ ಅಂಕಿಯನ್ನು ಅಕ್ಷರವರಿಯದ ವೃದ್ಧರೂ ಬಲ್ಲರು. ಕಣ್ಣಿಗೆ ಕಾಣುವ ಅಳತೆಯೊಂದು ಇರುವುದರಿಂದಲೇ ನಾಲೆಯ ಬಯಲಿನ ರೈತನು ನಾಟಿಯ ಯೋಚನೆ ಮಾಡಬಲ್ಲನು. ನೀರಿಗೆ ಇಂತಹ ಅಳತೆಗೋಲುಂಟು. ಮನುಷ್ಯನ ನಡತೆಗೂ ಅಂತಹದೊಂದು ಉಂಟೇ? ಇದೆಯೆಂದು ನಂಬಿ, ಅದನ್ನು ತಾನೇ ಗೀಚಿಕೊಂಡು, ವರ್ಷಗಳ ಕಾಲ ತನ್ನನ್ನು ತಾನೇ ಅಳೆದುಕೊಂಡ ಪುರುಷನೊಬ್ಬನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಂಜಮಿನ್ ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ಜೋಸೈಯನು ಮೇಣದ ಬತ್ತಿ ಮತ್ತು ಸಾಬೂನುಗಳನ್ನು ತಯಾರಿಸಿ ಜೀವಿಸುತ್ತಿದ್ದವನು. ಹದಿನೇಳು ಮಕ್ಕಳ ಸಂಸಾರ. ಅದರಲ್ಲಿ ಬೆಂಜಮಿನ್ನನು ಹದಿನೈದನೆಯವನು. ಶಾಲೆಯ ಭಾಗ್ಯ ಅವನಿಗೆ ದೊರೆತದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ನಿಂತನು. ಅಣ್ಣನ ಹೊಡೆತಗಳನ್ನು ತಾಳಲಾರದೆ 1723ರಲ್ಲಿ ಮನೆ ಬಿಟ್ಟು, ಹದಿನೇಳರ ಹರೆಯದಲ್ಲಿ ಫಿಲಡೆಲ್ಫಿಯ ನಗರವನ್ನು ಸೇರಿದನು. ಕಿಸೆಯಲ್ಲಿ ಅಲ್ಪಸ್ವಲ್ಪ ಹಣ, ಕೈಯಲ್ಲಿ ಅಚ್ಚುಮೊಳೆ ಜೋಡಿಸುವ ವಿದ್ಯೆ, ಇವಿಷ್ಟೇ ಅವನ ಬಂಡವಾಳ. ಕಾಯಕನಿಷ್ಠೆಯಿಂದ ದುಡಿದು ಕೆಲವೇ ವರ್ಷಗಳಲ್ಲಿ ಸ್ವಂತ ಮುದ್ರಣಾಲಯಕ್ಕೆ ಒಡೆಯನಾದನು. 1729ರಲ್ಲಿ ಒಂದು ವೃತ್ತಪತ್ರಿಕೆಯನ್ನೂ ಕೊಂಡು ನಡೆಸತೊಡಗಿದನು.

ಈ ಏಳಿಗೆಯ ಕಾಲದಲ್ಲಿಯೇ ಅವನ ಮನಸ್ಸಿನಲ್ಲಿ ಒಂದು ಅಸಾಧಾರಣ ಸಂಕಲ್ಪ ಮೊಳೆಯಿತು. ಯಾವ ತಪ್ಪನ್ನೂ ಮಾಡದೆ ಬಾಳಬೇಕೆಂದು ಅವನು ನಿಶ್ಚಯಿಸಿದನು. ಆದರೆ ಒಂದು ದೋಷವನ್ನು ಕಾಯುತ್ತಿರುವಾಗ ಮತ್ತೊಂದು ಹಿಂಬಾಗಿಲಿನಿಂದ ನುಸುಳುತ್ತಿತ್ತು. ಒಳ್ಳೆಯವನಾಗಬೇಕೆಂಬ ಇಚ್ಛೆ ಮಾತ್ರದಿಂದ ಹಳೆಯ ಚಟಗಳು ತೊಲಗಲಾರವು, ಅದಕ್ಕೊಂದು ಕ್ರಮವಾದ ವಿಧಾನ ಬೇಕೆಂಬುದು ಆಗ ಅವನಿಗೆ ಮನವರಿಕೆಯಾಯಿತು.

ಅದಕ್ಕಾಗಿ ಹದಿಮೂರು ಗುಣಗಳನ್ನು ಆರಿಸಿಕೊಂಡನು: ಮಿತಾಹಾರ, ಮೌನ, ಕ್ರಮಬದ್ಧತೆ, ದೃಢಸಂಕಲ್ಪ, ಮಿತವ್ಯಯ, ಉದ್ಯಮಶೀಲತೆ, ನಿಷ್ಕಾಪಟ್ಯ, ನ್ಯಾಯ, ಅತಿರೇಕವರ್ಜನೆ, ಶುಚಿತ್ವ, ಶಾಂತಚಿತ್ತತೆ, ಇಂದ್ರಿಯನಿಗ್ರಹ, ವಿನಯ. ಈ ಅನುಕ್ರಮಕ್ಕೂ ಅರ್ಥವಿತ್ತು. ಮಿತಾಹಾರದಿಂದ ತಲೆ ತಿಳಿಯಾಗುವುದು. ತಲೆ ತಿಳಿಯಾದರೆ ಮುಂದಿನ ಗುಣಗಳ ಸಾಧನೆ ಸುಗಮವಾಗುವುದು. ಬಳಿಕ ಒಂದು ಪುಟ್ಟ ಪುಸ್ತಕವನ್ನು ಮಾಡಿಕೊಂಡು, ಗುಣಕ್ಕೊಂದು ಪುಟವನ್ನು ಮೀಸಲಿಟ್ಟು, ಕೆಂಪು ಶಾಯಿಯಿಂದ ಗೆರೆಗಳನ್ನೆಳೆದನು. ವಾರದ ಏಳು ದಿನಗಳಿಗೆ ಏಳು ನೀಟಸಾಲು. ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲು. ಪ್ರತಿ ಸಂಜೆ ಆ ದಿನದ ನಡತೆಯನ್ನು ಪರಿಶೀಲಿಸಿ, ಯಾವ ಗುಣದಲ್ಲಿ ತಪ್ಪಿದನೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆಯಿಡುತ್ತಿದ್ದನು.

ಎಲ್ಲ ಗುಣಗಳನ್ನೂ ಒಮ್ಮೆಗೇ ಹಿಡಿಯಹೋಗಲಿಲ್ಲವೆಂಬುದೇ ಈ ವಿಧಾನದ ಜಾಣ್ಮೆ. ವಾರಕ್ಕೊಂದು ಗುಣ ಮುಖ್ಯ; ಆ ಸಾಲಿನಲ್ಲಿ ಚುಕ್ಕೆ ಬೀಳದಂತೆ ನೋಡಿಕೊಳ್ಳುವುದು ಆ ವಾರದ ವ್ರತ; ಉಳಿದವುಗಳಲ್ಲಿ ತಪ್ಪನ್ನು ಗುರುತಿಸುವುದಷ್ಟೇ ಕೆಲಸ. ಇಡೀ ತೋಟದ ಕಳೆಯನ್ನು ಒಂದೇ ದಿನ ಕೀಳಹೋಗದೆ, ಒಂದು ಮಡಿಯನ್ನು ಮುಗಿಸಿ ಇನ್ನೊಂದಕ್ಕೆ ಕೈಯಿಡುವ ತೋಟಗಾರನ ಕ್ರಮವಿದು. ಹದಿಮೂರು ವಾರಗಳಿಗೆ ಒಂದು ಆವೃತ್ತಿ. ವರ್ಷಕ್ಕೆ ನಾಲ್ಕು ಆವೃತ್ತಿ.

ಆರಂಭದಲ್ಲಿ ಅವನಿಗೆ ಆಶ್ಚರ್ಯವೇ ಆಯಿತು. ತನ್ನಲ್ಲಿ ಇಷ್ಟೊಂದು ದೋಷಗಳಿರುವುವೆಂದು ಅವನು ಭಾವಿಸಿರಲಿಲ್ಲ. ಹಳೆಯ ಚುಕ್ಕೆಗಳನ್ನು ಕೆರೆದು ಮತ್ತೆ ಹೊಸದಾಗಿ ಗುರುತಿಸುತ್ತ ಹೋದಂತೆ ಕಾಗದವೇ ತೂತುಬಿದ್ದಿತು! ಆಗ ದಂತದ ಹಾಳೆಗಳ ಮೇಲೆ ಅಳಿಯದ ಕೆಂಪು ಗೆರೆಗಳನ್ನು ಬರೆದು, ಸೀಸದಕಡ್ಡಿಯಿಂದ ಚುಕ್ಕೆಯಿಟ್ಟು, ಒದ್ದೆ ಸ್ಪಂಜಿನಿಂದ ಒರೆಸತೊಡಗಿದನು. ಚುಕ್ಕೆಗಳು ಕ್ರಮೇಣ ವಿರಳವಾದುದನ್ನು ಕಂಡು ಸಂತೋಷಪಟ್ಟನು. ಆದರೂ ಕ್ರಮಬದ್ಧತೆಯೆಂಬ ಗುಣ ಕಡೆಯವರೆಗೂ ಅವನಿಗೆ ಪೂರ್ತಿಯಾಗಿ ಒಲಿಯಲಿಲ್ಲ. ವಿನಯವಾದರೋ ಅವನ ಮೊದಲ ಪಟ್ಟಿಯಲ್ಲಿಯೇ ಇರಲಿಲ್ಲ; ಅಹಂಕಾರಿಯೆಂದು ಜನರು ಎಣಿಸುತ್ತಾರೆಂದು ಸ್ನೇಹಿತನೊಬ್ಬನು ಎಚ್ಚರಿಸಿದ ಮೇಲೆ ಸೇರಿಸಿಕೊಂಡದ್ದು. ವಿನಯವನ್ನು ಗೆದ್ದೆನೆಂದುಕೊಂಡರೆ ಆ ಗೆಲುವಿನ ಬಗ್ಗೆಯೇ ಗರ್ವ ಹುಟ್ಟೀತೆಂಬುದನ್ನು ಅವನು ಮುಪ್ಪಿನಲ್ಲಿ ನಗುತ್ತ ಒಪ್ಪಿಕೊಂಡನು.

ಇಂತಹ ಶಿಸ್ತಿನಿಂದ ರೂಪುಗೊಂಡ ಬಾಳು ಲೋಕೋಪಕಾರಕ್ಕೆ ಸಂದಿತು. 1731ರಲ್ಲಿ ಚಂದಾ ಗ್ರಂಥಾಲಯ, 1736ರಲ್ಲಿ ಬೆಂಕಿಯಾರಿಸುವ ಸ್ವಯಂಸೇವಕರ ಸಂಘ, 1751ರಲ್ಲಿ ಆಸ್ಪತ್ರೆ ಅವನ ಪ್ರಯತ್ನದಿಂದ ತಲೆಯೆತ್ತಿದವು. ನಲವತ್ತೆರಡನೆಯ ವಯಸ್ಸಿಗೆ ಮುದ್ರಣದ ವ್ಯಾಪಾರದಿಂದ ನಿವೃತ್ತನಾಗಿ ವಿದ್ಯುತ್ತಿನ ಪ್ರಯೋಗಗಳಲ್ಲಿ ತೊಡಗಿದನು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿ, ರಾಯಭಾರಿಯಾಗಿ ಫ್ರಾನ್ಸಿನ ನೆರವನ್ನು ಗಳಿಸಿದನು. ಆ ಯುದ್ಧಕಾಲದಲ್ಲಿ, 1782ರಲ್ಲಿ, ಅವನ ಪೆನ್ಸಿಲ್ವೇನಿಯ ಪ್ರಾಂತವು ಇಂಗ್ಲಿಷರ ಮೇಲೆ ಕಳುಹಿಸಿದ ಒಂದು ಹಡಗಿಗೆ ನಮ್ಮ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಹೈದರಾಲಿಯ ಹೆಸರಿತ್ತೆಂಬುದು ಈ ಜಿಲ್ಲೆಯವರಿಗೆ ಸ್ವಾರಸ್ಯವಾದ ಸಂಗತಿ.

ಇಷ್ಟಾದರೂ ಫ್ರಾಂಕ್ಲಿನ್ನನ ಚರಿತ್ರೆಯಲ್ಲಿ ಮರೆಮಾಚಬಾರದ ಒಂದು ಅಂಶವುಂಟು. ಪ್ರತಿ ಸಂಜೆ ಚುಕ್ಕೆಯಿಡುತ್ತಿದ್ದ ಈ ಪುರುಷನು ಗುಲಾಮರನ್ನು ಇಟ್ಟುಕೊಂಡಿದ್ದನು. ಗುಲಾಮರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಮಾಡಿದ್ದನು. ಪಟ್ಟಿಕೆಯಲ್ಲಿ ನ್ಯಾಯವೆಂಬ ಸಾಲಿದ್ದೂ ಈ ಮಹಾದೋಷ ಅವನ ಕಣ್ಣಿಗೆ ಬೀಳಲಿಲ್ಲ. ಸುತ್ತಣ ಸಮಾಜವೆಲ್ಲ ಅದನ್ನು ಸಹಜವೆಂದೇ ಎಣಿಸಿತ್ತು. 1763ರಲ್ಲಿ ಕಪ್ಪು ಮಕ್ಕಳ ಶಾಲೆಯೊಂದಕ್ಕೆ ಹೋಗಿ, ಅವರ ಬುದ್ಧಿಶಕ್ತಿ ಬಿಳಿಯ ಮಕ್ಕಳಿಗೆ ಸಮಾನವೆಂದು ಕಂಡು ಅಭಿಪ್ರಾಯ ಬದಲಿಸಿಕೊಂಡನು. 1787ರಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕೆ ದುಡಿಯುವ ಸಂಘದ ಅಧ್ಯಕ್ಷನಾದನು; 1790ರ ಫೆಬ್ರವರಿಯಲ್ಲಿ ಆ ಅನಿಷ್ಟವನ್ನು ಕೊನೆಗಾಣಿಸಬೇಕೆಂಬ ಮನವಿಗೆ ಸಹಿ ಹಾಕಿ ಅಮೆರಿಕದ ಕಾಂಗ್ರೆಸ್ಸಿಗೆ ಕಳುಹಿಸಿದನು. ಅದೇ ವರ್ಷ ಏಪ್ರಿಲ್ 17ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ದೇಹ ಬಿಟ್ಟನು.

ಇದರಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ಕಣ್ಣೆದುರು ಕಾಣುವ ಗುರುತು ಮನಸ್ಸಿನ ಮರೆವಿಗೆ ಮದ್ದು. ವೈದ್ಯನಾಥನ ಸನ್ನಿಧಿಯಲ್ಲಿ, ಶಿಂಷೆಯ ದಂಡೆಯಲ್ಲಿ ಬಾಳುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರೋಗ ಕಂಡಲ್ಲದೆ ಚಿಕಿತ್ಸೆಯಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವ ನಿತ್ಯನಿಯಮವನ್ನು ನಮಗಿತ್ತ ಹಿರಿಯರೂ, ಕಣ್ಣು ನಿಂತಲ್ಲಿ ಮನಸ್ಸು ನಿಲ್ಲುವುದೆಂಬುದನ್ನು ಅರಿತವರೇ. ಎರಡನೆಯದು, ಪಟ್ಟಿಕೆ ತೋರಿಸುವುದು ನಾವು ನೋಡಲೊಪ್ಪಿದ ದೋಷಗಳನ್ನು ಮಾತ್ರ. ಆದ್ದರಿಂದ ಸಾಲುಗಳನ್ನೂ ಆಗಾಗ ಪರಿಶೀಲಿಸಬೇಕು. ಮನುಷ್ಯರಲ್ಲಿ ಮೇಲುಕೀಳೆಂಬ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ಶರಣರ ಪರಂಪರೆಯ ಶಾಲೆಯಲ್ಲಿ ಓದುವ ಮಕ್ಕಳಿಗೆ ಆ ಸಾಲನ್ನು ಇತರರು ಬರೆದುಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳು ತಮ್ಮ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಏಳು ಮನೆಗಳನ್ನು ಗೀಚಿಕೊಳ್ಳಲಿ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಏಳುವುದೋ, ಸುಳ್ಳಾಡದಿರುವುದೋ, ದಿನಕ್ಕೊಂದು ಪುಟ ಓದುವುದೋ, ಯಾವುದಾದರೂ ಒಂದನ್ನು ಹಿಡಿಯಲಿ. ಚುಕ್ಕೆ ಬಿದ್ದರೆ ಹೆದರಬೇಕಾಗಿಲ್ಲ; ಅದನ್ನು ಮುಚ್ಚಿಡದಿದ್ದರೆ ಸಾಕು.